ಉತ್ತರ ಹೇಳದ ಖಾಲಾ

ಎದುರುಮನೆಯ ಅಕ್ಕನ ಇಂಗ್ಲಿಷಿನಲ್ಲಿ ಒಂದು ವಾಕ್ಯಕ್ಕೆ ಎರಡೇ ಪದ. ‘ಲುಕ್ ವಿಂಡೋ.’ ‘ಓಪನ್ ಬ್ಯಾಗ್.’ ‘ಗಿವ್ ಪೇಪರ್.’ ಕುವೈತಿನ ಸಾಲ್ಮಿಯಾದ ಕ್ಲಿನಿಕ್ಕಿನಲ್ಲಿ ಸಿರಿಯಾದ ಡಾಕ್ಟರ ಎದುರು ಕೂತು, ಎದೆಯ ಮೇಲೆ ಕೈಯಿಟ್ಟು ‘ಲಿಸನ್ ಹಾರ್ಟ್’ ಎಂದಿದ್ದರು. ಆ ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ತೆಪ್ಪಗೆ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಹೊರಗೆ ಬಂದ ಮೇಲೆ, “ಒಂದು ಪ್ಲೀಸ್ ಸೇರಿಸಬಹುದಿತ್ತಲ್ಲ ಅಕ್ಕಾ,” ಎಂದೆ.

“ಪ್ಲೀಸ್ ಹಾಕಿದ್ರೆ ಅದಕ್ಕೆ ಅರ್ಥ ಆಗುವುದಿಲ್ಲ ಮಾರಾಯ್ತಿ,” ಎಂದರು.

‘ಅದು’ ಎಂದರೆ ಡಾಕ್ಟರಲ್ಲ, ಕಂಪ್ಯೂಟರು. ಬಂಟ್ವಾಳದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸಿಗೆ ಓದು ನಿಲ್ಲಿಸಿದ ಬ್ಯಾರಿ ಹೆಂಗಸು ಅವರು. ಇಂಗ್ಲಿಷ್ ಕಲಿತದ್ದು ಕುವೈತಿಗೆ ಬಂದ ಮೇಲೆ, ಕಂಪ್ಯೂಟರಿನ ಆಟಗಳಿಂದ.

ಇರಾಕಿನ ದಾಳಿಯ ಯುದ್ಧ ಮುಗಿದು ಊರು ಮತ್ತೆ ಎದ್ದು ನಿಲ್ಲುತ್ತಿದ್ದ ವರ್ಷಗಳು. ನಾನು ಶರ್ಕ್‌ನ ಒಂದು ವಿಮಾ ಕಂಪೆನಿಯಲ್ಲಿ ಸೆಕ್ರೆಟರಿ. ಅವರ ಗಂಡ ಶುವೈಖ್‌ನಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ನೋಡಿಕೊಳ್ಳುತ್ತಿದ್ದರು. ಸಾಲ್ಮಿಯಾದಲ್ಲಿ ನಮ್ಮದು ಎದುರುಬದುರು ಫ್ಲ್ಯಾಟು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ, ಗಂಡನನ್ನು ಭಾವ. ಅವರಿಗೂ ನನಗೂ ಸಮಾನವಾಗಿದ್ದದ್ದು ತುಳು. ಮನೆಯೊಳಗೆ ಅವರು ಬ್ಯಾರಿ ಮಾತಾಡುತ್ತಿದ್ದರು. ಕನ್ನಡ ನಮ್ಮಿಬ್ಬರ ಶಾಲೆಯ ಭಾಷೆ. ಮೂರನ್ನೂ ಕಲಸಿ ದಿನ ಕಳೆಯುತ್ತಿದ್ದೆವು.

ಭಾವನ ಕಫೀಲ್, ಅಂದರೆ ಅವರ ವೀಸಾಕ್ಕೆ ಜವಾಬ್ದಾರನಾಗಿದ್ದ ಅರಬಿ ಯಜಮಾನ, ಆಫೀಸಿಗೆ ಹೊಸ ಕಂಪ್ಯೂಟರು ತಂದಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದ. ಅದರೊಳಗೆ ಯಾರೋ ತುಂಬಿಸಿಟ್ಟ ಒಂದು ಆಟವಿತ್ತು. ಆಟ ಎಂದರೆ ಗುಂಡು ಹೊಡೆಯುವುದಲ್ಲ. ಪರದೆಯ ಮೇಲೆ ಒಂದು ಕೋಣೆಯ ಚಿತ್ರ ಬರುತ್ತದೆ. ಕೋಣೆಯಲ್ಲಿ ಒಬ್ಬ ನಿಂತಿರುತ್ತಾನೆ. ಅವನು ಏನು ಮಾಡಬೇಕೆಂದು ನಾವು ಎರಡು ಪದದಲ್ಲಿ ಟೈಪು ಮಾಡಬೇಕು. ಮೇಜು ನೋಡು, ಹಗ್ಗ ತಕೋ, ಮುದುಕಿಯ ಹತ್ತಿರ ಮಾತಾಡು. ಹಾಗೆ ನೋಡಿ, ಹೆಕ್ಕಿ, ಕೇಳಿ, ಒಂದಕ್ಕೊಂದು ಜೋಡಿಸಿ ಒಂದು ಕತೆಯ ಕೊನೆ ಮುಟ್ಟಬೇಕು. ಆತುರಪಟ್ಟು ತಪ್ಪು ಬಾಗಿಲು ತೆರೆದರೆ ಸಾವು. ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದವರನ್ನು ನಾನು ಬಲ್ಲೆ.

ಅಕ್ಕ ಅದಕ್ಕೆ ಮನಸ್ಸು ಕೊಟ್ಟದ್ದು ಹೇಗೆ ಎಂದು ಯಾರಿಗೂ ಸರಿಯಾಗಿ ತಿಳಿಯದು. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದರಂತೆ. ಪತ್ತಿರಿ ರೊಟ್ಟಿಗೆ ಅಕ್ಕಿಹಿಟ್ಟು ತಟ್ಟುತ್ತಿದ್ದವರು ನಡುವೆ ಕೈ ನಿಲ್ಲಿಸಿ, “ಹಾಂ, ಏಣಿ,” ಎಂದು ಎದ್ದು ಹೋಗುತ್ತಿದ್ದರು. ಕೈ ಒರಸಿಕೊಳ್ಳುವಷ್ಟು ತಾಳ್ಮೆ ಇರುತ್ತಿರಲಿಲ್ಲ. ‘ಲುಕ್’ ಎಂಬ ಪದ ಶುರುವಾಗುವ ಆ ಎಲ್ ಕೀಲಿ ಅವರ ಮನೆಯಲ್ಲಿ ಸದಾ ಹಿಟ್ಟು ಮೆತ್ತಿಕೊಂಡು ಬೆಳ್ಳಗಿರುತ್ತಿತ್ತು. ಮುಂದೆ ಟೈಪು ಮಾಡುವ ಕಾಲ ಹೋಗಿ, ಮೌಸಿನಿಂದ ಒತ್ತಿ ಆಡುವ ಚಂದದ ಬಣ್ಣದ ಆಟಗಳು ಬಂದವು. ಅವರು ಅವನ್ನೂ ಬಿಡಲಿಲ್ಲ, ಆದರೆ, “ಇದು ಬೆರಳು ತೋರಿಸಿ ಮಾತಾಡಿದ ಹಾಗೆ. ಮರ್ಯಾದೆ ಇಲ್ಲ,” ಎನ್ನುತ್ತಿದ್ದರು.

ಆಟಗಳು ಸಿಗುತ್ತಿದ್ದದ್ದು ಹವಲ್ಲಿಯ ಕಂಪ್ಯೂಟರ್ ಅಂಗಡಿಗಳ ಬೀದಿಯಲ್ಲಿ, ಫ್ಲಾಪಿಗಳ ಕಟ್ಟಿನಲ್ಲಿ. ಅಲ್ಲಿನ ಲೆಬನಾನಿ ಅಂಗಡಿಯವನಿಗೆ ಒಂದು ದಿನ ಅಚ್ಚರಿಯಾಯಿತು. ಬುರ್ಖಾ ಹಾಕಿದ ಈ ಹಿಂದೂಸ್ತಾನಿ ಹೆಂಗಸು ಕೊಂಡು ಹೋದ ಆಟವನ್ನೆಲ್ಲ ಮುಗಿಸಿ ಮತ್ತೊಂದು ಕೇಳಲು ಬರುತ್ತಾಳೆ. ಉಳಿದ ಗಿರಾಕಿಗಳೋ ಆಟದ ನಡುವೆ ಸಿಕ್ಕಿಬಿದ್ದು ಅವನ ತಲೆ ತಿನ್ನುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಅವನು ಅಕ್ಕನ ಒಪ್ಪಿಗೆ ಪಡೆದು ಅವರಿಗೆಲ್ಲ ಇವರ ಮನೆಯ ನಂಬರು ಕೊಡತೊಡಗಿದ. ಕುವೈತಿನಲ್ಲಿ ಊರೊಳಗಿನ ಫೋನು ಪುಕ್ಕಟೆ. ಹಾಗಾಗಿ ಎಲ್ಲೆಲ್ಲಿಂದಲೋ ಕರೆ ಬರುತ್ತಿದ್ದವು. ಪೆಲೆಸ್ತೀನಿನ ಎಂಜಿನಿಯರು, ಗೋವಾದ ಟೈಪಿಸ್ಟು, ಕುವೈತಿ ಕಾಲೇಜು ಹುಡುಗಿಯರು. ಎಲ್ಲರಿಗೂ ಅವರು ‘ಖಾಲಾ’, ಚಿಕ್ಕಮ್ಮ.

ಆದರೆ ಖಾಲಾ ಯಾರಿಗೂ ಉತ್ತರ ಹೇಳುತ್ತಿರಲಿಲ್ಲ. ಅದು ಅವರ ಹಟ. ಅರಬಿ, ಉರ್ದು, ಎರಡು ಪದದ ಇಂಗ್ಲಿಷು ಸೇರಿಸಿ ಬರೀ ಪ್ರಶ್ನೆ ಕೇಳುತ್ತಿದ್ದರು. ಕೋಣೆಯಲ್ಲಿ ಏನೇನುಂಟು? ಗೋಡೆಯ ಮೇಲೆ? ಆ ಮುದುಕನ ಹತ್ತಿರ ಎಷ್ಟು ಸಲ ಮಾತಾಡಿದೆ? ಒಂದೇ ಸಲವಾ? ಕೇಳುತ್ತ ಕೇಳುತ್ತ ಆಚೆ ಬದಿಯವನು ತಾನೇ ‘ಓ’ ಎಂದು ಫೋನು ಇಡುತ್ತಿದ್ದ.

ಒಮ್ಮೆ ನಾನು, “ಪಾಪ, ಹೇಳಿಬಿಡಬಾರದಾ? ಒಂದೇ ಮಾತು,” ಎಂದೆ.

“ನಾನು ಹೇಳಿದ್ರೆ ಆ ಬಾಗಿಲು ತೆರೀತದೆ. ಮುಂದಿನ ಬಾಗಿಲಿಗೆ ಅವನು ಪುನಃ ನನಗೇ ಫೋನ್ ಮಾಡ್ತಾನೆ,” ಎಂದರು. ಸ್ವಲ್ಪ ಬಿಟ್ಟು, “ಆಟ ಯಾವತ್ತೂ ಸಿಕ್ಕಿಬೀಳುವುದಿಲ್ಲ. ನಾವು ನೋಡದೆ ಬಿಟ್ಟದ್ದು ಒಂದು ಇರ್ತದೆ, ಅಷ್ಟೇ.”

ಭಾವನಿಗೆ ಈ ಫೋನುಗಳು ಇಷ್ಟವಿರಲಿಲ್ಲ. ಕೆಟ್ಟ ಮನುಷ್ಯರಲ್ಲ, ಹೆದರಿಕೆಯವರು. ಯುದ್ಧದ ಸಮಯದಲ್ಲಿ ಉಟ್ಟ ಬಟ್ಟೆಯಲ್ಲಿ ಮರುಭೂಮಿ ದಾಟಿ ಊರು ಸೇರಿ, ಮತ್ತೆ ಬಂದು ಸೊನ್ನೆಯಿಂದ ಕಟ್ಟಿದವರು. “ಗುರುತಿಲ್ಲದವರ ಮನೆಯ ಮಾತು ನಮ್ಮ ಮನೆಗೆ ಬರ್ತದೆ. ನಾವು ಪರದೇಶದಲ್ಲಿ ಇರುವವರು,” ಎನ್ನುತ್ತಿದ್ದರು. ಅಕ್ಕ ನಗುತ್ತಿದ್ದರು. ಆ ಶುಕ್ರವಾರದವರೆಗೆ ನಾನೂ ನಗುತ್ತಿದ್ದೆ.

ಚಳಿಗಾಲ. ಕುವೈತಿ ಮನೆಗಳವರೆಲ್ಲ ಮರುಭೂಮಿಯಲ್ಲಿ ಗುಡಾರ ಹೂಡಿ ರಜೆ ಕಳೆಯುವ ದಿನಗಳು. ನನ್ನ ಗಂಡನಿಗೆ ಶುಕ್ರವಾರವೂ ರಿಫೈನರಿಯಲ್ಲಿ ಡ್ಯೂಟಿ ಇದ್ದದ್ದರಿಂದ ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಭಾವ ಜುಮಾ ನಮಾಜು ಮುಗಿಸಿ ಬಂದು ಕೈ ತೊಳೆಯುತ್ತಿದ್ದರು. ಫೋನು ಬಂತು.

ಜಹ್ರಾದ ನೂರಾ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗಿ. ವಾರಕ್ಕೊಮ್ಮೆಯಾದರೂ ಖಾಲಾಗೆ ಫೋನು ಮಾಡುವವಳು. ಅಕ್ಕ ತಾಟು ಬಿಟ್ಟೆದ್ದು ನಗುನಗುತ್ತಲೇ ರಿಸೀವರು ಎತ್ತಿದರು. “ಯಲ್ಲಾ, ಯಾವ ಕೋಣೆ?” ಎಂದರು. ಆಮೇಲೆ ಅವರ ಮುಖದಿಂದ ನಗು ಹೋಯಿತು.

ನೂರಾ ಅಳುತ್ತಿದ್ದಳು. ಅಕ್ಕ ಫೋನಿನ ಸ್ಪೀಕರು ಒತ್ತಿದ್ದರಿಂದ ನಮಗೂ ಕೇಳುತ್ತಿತ್ತು. ಅಣ್ಣ, ಅತ್ತಿಗೆ, ಮಕ್ಕಳು, ಡ್ರೈವರು ಎಲ್ಲ ಗುಡಾರಕ್ಕೆ ಹೋಗಿದ್ದಾರೆ. ಪರೀಕ್ಷೆ ಇದ್ದದ್ದರಿಂದ ಅವಳೊಬ್ಬಳೇ ಉಳಿದಿದ್ದಾಳೆ. ಮನೆಗೆಲಸದ ಹೆಂಗಸು ಬೆಳಿಗ್ಗೆಯಿಂದ ಅಡಿಗೆಮನೆಯ ನೆಲದಲ್ಲಿ ಬಿದ್ದಿದ್ದಾಳೆ. ಹೊಟ್ಟೆನೋವು ಎಂದು ಎರಡು ದಿನದಿಂದ ಹೇಳುತ್ತಿದ್ದಳು. ಊರಿಗೆ ಹೋಗಲು ನಾಟಕ ಮಾಡುತ್ತಾಳೆ ಎಂದು ಅತ್ತಿಗೆ ನಂಬಲಿಲ್ಲ.

“ಆಂಬುಲೆನ್ಸಿಗೆ ಫೋನ್ ಮಾಡು,” ಅಕ್ಕ ಎಂದರು.

“ಅವಳ ಇಕಾಮಾ, ವಾಸದ ಪರವಾನಗಿ, ಮುಗಿದು ತಿಂಗಳುಗಳಾಗಿವೆ ಖಾಲಾ. ಅಣ್ಣ ನವೀಕರಿಸಲಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ. ಯಾರನ್ನೂ ಮನೆಗೆ ಕರೆಯಬೇಡ ಎಂದು ಅಣ್ಣ ಹೇಳಿಹೋಗಿದ್ದಾನೆ. ಅವನು ನನ್ನ ಓದು ನಿಲ್ಲಿಸುತ್ತಾನೆ.”

“ಅವಳು ಎಲ್ಲಿಯವಳು?”

“ಹಿಂದ್. ಅವಳ ಭಾಷೆ ನಮಗೆ ಯಾರಿಗೂ ಬರುವುದಿಲ್ಲ.”

ನೂರಾ ಮಾತಾಡುತ್ತಿದ್ದದ್ದು ಅಣ್ಣನ ಬೈಠಕ್ ಕೋಣೆಯ ಕಾರ್ಡ್‌ಲೆಸ್ ಫೋನಿನಿಂದ. ಅದನ್ನು ಅಡಿಗೆಮನೆಗೆ ಒಯ್ಯಲು ಅಕ್ಕ ಹೇಳಿದರು. ಚಪ್ಪಲಿಯ ಸದ್ದು ಕೇಳಿತು, ಒಂದು ಬಾಗಿಲು ಕೇಳಿತು. ಆಮೇಲೆ ದೂರದಿಂದ ಒಂದು ನರಳಿಕೆ. ಅದರೊಳಗೆ ಒಂದೇ ಪದ: “ಅಪ್ಪೇ.”

ಅಮ್ಮಾ ಎಂದು ತುಳುವಿನಲ್ಲಿ ಕರೆಯುವ ಪದ ಅದು. ನಾನೂ ಅಕ್ಕನೂ ಒಬ್ಬರನ್ನೊಬ್ಬರು ನೋಡಿದೆವು. ಭಾವ ಟವೆಲು ಹಿಡಿದು ನಿಂತಲ್ಲೇ ನಿಂತರು.

“ಅವಳ ಕಿವಿಗೆ ಹಿಡಿ,” ಎಂದು ನೂರಾಳಿಗೆ ಹೇಳಿ, ಅಕ್ಕ ತುಳುವಿಗೆ ತಿರುಗಿದರು. “ದಾನೆ ಆಂಡ್ ಮಗಾ? ಪೋಡಿಯಡ.” ಏನಾಯಿತು ಮಗಳೇ, ಹೆದರಬೇಡ.

ಆ ಕಡೆ ನರಳಿಕೆ ನಿಂತಿತು. ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಸಣ್ಣ ಸ್ವರದಲ್ಲಿ, “ನೀವು ಯಾರು?” ಎಂದು ಕೇಳಿದಳು. ಅವಳ ಹೆಸರು ಗಿರಿಜಾ. ಕಾರ್ಕಳದ ಕಡೆಯವಳು.

ಅಕ್ಕ ಒಂದೊಂದಾಗಿ ಕೇಳತೊಡಗಿದರು. ನೋವು ಮೊದಲು ಎಲ್ಲಿ ಶುರುವಾಯಿತು? ಹೊಕ್ಕುಳ ಹತ್ತಿರ. ಆಮೇಲೆ ಎಲ್ಲಿಗೆ ಹೋಯಿತು? ಕೆಳಗೆ, ಬಲಬದಿಗೆ. ವಾಂತಿ ಆಯಿತಾ? ಆಯಿತು. ಜ್ವರ ಉಂಟಾ? ಉಂಟು, ನಡುಗುತ್ತದೆ. ಈಗ ನೋವು ಹೇಗಿದೆ?

“ಈಗ ಇಲ್ಲಕ್ಕ. ಸ್ವಲ್ಪ ಮೊದಲು ಒಮ್ಮೆಲೇ ಎಂತದೋ ಹರಿದ ಹಾಗಾಗಿ ನಿಂತಿತು. ಈಗ ಹಗುರ ಆಗಿದೆ. ಬರೀ ನಿದ್ದೆ ಬರ್ತಾ ಉಂಟು.”

ನಾನು ಉಸಿರು ಬಿಟ್ಟೆ. “ದೇವರು ದೊಡ್ಡವನು,” ಎಂದು ಭಾವ ಕುರ್ಚಿಯಲ್ಲಿ ಕೂತರು.

ಅಕ್ಕನ ಮುಖ ಮಾತ್ರ ಸುಣ್ಣದ ಹಾಗಾಗಿತ್ತು. ರಿಸೀವರಿನ ಬಾಯಿಗೆ ಕೈ ಮುಚ್ಚಿ ನಮ್ಮ ಕಡೆ ತಿರುಗಿದರು. “ನನ್ನ ತಮ್ಮನಿಗೂ ಹೀಗೇ ಆದದ್ದು. ಬೇನೆ ನಿಂತಿತು ಅಂತ ಉಮ್ಮ ಖುಷಿಯಲ್ಲಿ ಗಂಜಿ ಕೊಟ್ಟರು. ಅವನು ಆ ಸಂಜೆಯನ್ನು ಕಾಣಲಿಲ್ಲ.”

ಭಾವ ಎದ್ದರು. “ನೀನು ಏನು ಮಾಡಬೇಕು ಅಂತ ಇದ್ದೀ?”

“ಜಹ್ರಾಕ್ಕೆ ಹೋಗುವುದು.”

“ಅದು ಕುವೈತಿಯ ಮನೆ. ಅವನ ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಕಳ್ಳತನ ಅಂತ ಬರೆಸ್ತಾನೆ. ಅವನ ಕೆಲಸದವಳನ್ನು ಓಡಿಸಿದಿರಿ ಅಂತ ಬರೆಸ್ತಾನೆ. ನಾಳೆ ನನ್ನ ವೀಸಾ ಖಲಾಸ್, ನಿನ್ನದೂ ಖಲಾಸ್. ಇವಳ ಗಂಡನ ಕೆಲಸವೂ ಹೋಗ್ತದೆ. ಎಂಬಸಿಗೆ ಹೇಳುವ.”

“ಇವತ್ತು ಶುಕ್ರವಾರ. ಎಂಬಸಿಗೆ ರಜೆ.”

“ಹಾಗಾದ್ರೆ ನಾಳೆ.”

“ನಾಳೆ ಅವಳು ಇರುವುದಿಲ್ಲ,” ಎಂದು ಅಕ್ಕ ಕೈ ತೆಗೆದು ನೂರಾಳನ್ನು ಕರೆದರು.

ಅಷ್ಟು ವರ್ಷಗಳಲ್ಲಿ ಅವರು ಯಾರಿಗಾದರೂ ಹೀಗೆ ಮಾಡು ಎಂದು ನೇರವಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ನೂರಾ, ಇವತ್ತು ನಾನು ಕೇಳುವುದಿಲ್ಲ, ಹೇಳ್ತೇನೆ. ನೀನು ಮಾಡು. ಅವಳಿಗೆ ನೀರು ಕೊಡಬೇಡ, ಎಂತದೂ ಕೊಡಬೇಡ. ಎದುರಿನ ಮನೆಯಲ್ಲಿ ಯಾರಿದ್ದಾರೆ?”

“ಒಬ್ಬಳು ಮುದುಕಿ, ಅವಳ ಮಗ. ಆದರೆ ನಮಗೂ ಅವರಿಗೂ ಮಾತಿಲ್ಲ ಖಾಲಾ. ಗೋಡೆಯ ಜಗಳ. ಅಪ್ಪ ಇದ್ದಾಗಿನಿಂದಲೂ ಇಲ್ಲ.”

“ಮಗನ ಹತ್ತಿರ ಗಾಡಿ ಉಂಟಾ?”

“ಉಂಟು. ಹೊರಗೆ ನಿಂತಿದೆ.”

“ಫೋನು ಇಡಬೇಡ. ಅವಳ ಕಿವಿಯ ಹತ್ತಿರ ಬಿಡು. ಹೋಗಿ ಆ ಮುದುಕಿಯ ಬಾಗಿಲು ಬಡಿ. ಮಗನ ಹತ್ತಿರ ಅಲ್ಲ, ಮುದುಕಿಯ ಹತ್ತಿರ ಮಾತಾಡು. ನನ್ನ ಮನೆಯಲ್ಲಿ ಒಂದು ಹೆಂಗಸು ಸಾಯ್ತಾ ಇದ್ದಾಳೆ ಅಂತ ಹೇಳು. ಬೇರೆ ಏನೂ ಹೇಳಬೇಡ.”

ನೂರಾ ಅಳು ನಿಲ್ಲಿಸಿದ್ದಳು. “ಅಣ್ಣ ಕೇಳಿದರೆ?”

“ಖಾಲಾ ಹೇಳಿದರು ಅನ್ನು.”

ಫೋನನ್ನು ನೆಲಕ್ಕಿಟ್ಟ ಸದ್ದು, ಓಡಿದ ಸದ್ದು. ಅಕ್ಕ ನನ್ನ ಕಡೆ ತಿರುಗಿ, “ನಿನ್ನ ಗಾಡಿ ತಕೊಂಡು ಬರ್ತೀಯಾ? ಬೇಡ ಅಂದ್ರೆ ಬೇಡ. ನಾನು ಟ್ಯಾಕ್ಸಿಯಲ್ಲಿ ಹೋಗ್ತೇನೆ,” ಎಂದರು. ನನಗೆ ಲೈಸೆನ್ಸು ಸಿಕ್ಕಿ ಬಹಳ ದಿನವಾಗಿರಲಿಲ್ಲ. ಭಾವ ಹೇಳಿದ್ದೆಲ್ಲ ನಿಜವೆಂದು ನನಗೂ ಗೊತ್ತಿತ್ತು. ಕೀಲಿ ತೆಗೆದುಕೊಂಡು ಕೆಳಗೆ ಹೋದೆ. ಭಾವ ಬಾಲ್ಕನಿಗೆ ಹೋಗಿ ನಮಗೆ ಬೆನ್ನು ತಿರುಗಿಸಿ ನಿಂತರು. ಗಾಡಿಯನ್ನು ಬಾಗಿಲಿಗೆ ತಂದು ಕಾದೆ. ನೂರಾಳ ಎದುರುಮನೆಯವರು ಬಂದು ಗಿರಿಜಾಳನ್ನು ಎತ್ತಿಕೊಂಡದ್ದು ಖಚಿತವಾದ ಮೇಲೆ ಅಕ್ಕ ಇಳಿದು ಬಂದರು. ಕಾಲಲ್ಲಿ ಸ್ನಾನದ ಮನೆಯ ಚಪ್ಪಲಿ.

ನೇರ ಜಹ್ರಾದ ಆಸ್ಪತ್ರೆಯ ದಾರಿ ಹಿಡಿದೆವು. ರಸ್ತೆಯ ಎರಡೂ ಬದಿಗೆ ದೂರದಲ್ಲಿ ಬಿಳಿ ಗುಡಾರಗಳು ಕಾಣುತ್ತಿದ್ದವು. ಅವುಗಳಲ್ಲೊಂದು ನೂರಾಳ ಅಣ್ಣನದು ಎಂದು ನನಗನಿಸುತ್ತಿತ್ತು. ಪೊಲೀಸು ಗಾಡಿಯೊಂದು ಹಿಂದಿನಿಂದ ಬಂದು ನಮ್ಮ ಪಕ್ಕದಲ್ಲೇ ಸ್ವಲ್ಪ ದೂರ ಬಂದಾಗ ನಾನು ಸ್ಪೀಡು ಇಳಿಸಿ ನೇರ ಮುಂದೆ ನೋಡಿದೆ. ಅದು ನಮ್ಮನ್ನು ದಾಟಿ ಹೋಯಿತು. ಅಕ್ಕ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬಳು ಮುದುಕಿ ಕರಿಯ ಅಬಾಯಾ ಹೊದ್ದು, ಕೋಲು ಊರಿ, ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಿಳಿಚಿಕೊಂಡ ಒಬ್ಬ ಹುಡುಗಿ. ನೂರಾಳನ್ನು ನಾವು ನೋಡಿದ್ದು ಅದೇ ಮೊದಲು. ಅವಳೂ ಅಕ್ಕನನ್ನು ನೋಡಿರಲಿಲ್ಲ. ಸ್ವರ ಕೇಳಿ ಗುರುತು ಹಿಡಿದು ಬಂದು ಅಪ್ಪಿಕೊಂಡಳು.

ಗಿರಿಜಾಳನ್ನು ಆಗಲೇ ಒಳಗೆ ಒಯ್ದಿದ್ದರು. ಕೌಂಟರಿನವನು ಇಕಾಮಾ ಕೇಳಿದಾಗ ಮುದುಕಿ ಕೋಲಿನಿಂದ ಮೇಜು ಕುಟ್ಟಿ, “ನನ್ನ ಮನೆಯವಳು ಎಂದು ಬರೆದುಕೋ,” ಎಂದಳಂತೆ. ಎಷ್ಟೋ ವರ್ಷ ಒಂದು ಸಲಾಮೂ ಹೇಳದ ಮನೆಯ ಕೆಲಸದವಳನ್ನು ಆಕೆ ತನ್ನವಳು ಎಂದಿದ್ದಳು. ಅಕ್ಕ ಹೋಗಿ ಆ ಮುದುಕಿಯ ಕೈ ಹಿಡಿದು ಪಕ್ಕದಲ್ಲಿ ಕೂತರು. ಇಬ್ಬರೂ ಬಹಳ ಹೊತ್ತು ಆ ಕೈ ಬಿಡಲಿಲ್ಲ.

ಆಪರೇಶನ್ ನಡೆಯುತ್ತಿದ್ದಾಗಲೇ ಅಣ್ಣ ಬಂದ. ಗುಡಾರದಿಂದ ನೇರವಾಗಿ ಬಂದಿದ್ದ. ದಿಶ್‌ದಾಶ ಎನ್ನುವ ಬಿಳಿ ನಿಲುವಂಗಿಯ ಅಂಚಿಗೆಲ್ಲ ಮರಳು. ಅವರ ಬೀದಿಯವರು ಯಾರೋ ಗುಡಾರಕ್ಕೆ ಹೋಗಿ ಸುದ್ದಿ ಮುಟ್ಟಿಸಿದ್ದರು. ದೊಡ್ಡ ಆಳು. ಮೊದಲು ತಂಗಿಯ ತೋಳು ಹಿಡಿದು ಎಳೆದ. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದ. ಅರಬಿಯಲ್ಲಿ ನಡೆದ ಮಾತು ನನಗೆ ಅರ್ಥವಾಗುವಷ್ಟು ನಿಧಾನವಾಗಿತ್ತು. ಅವನು ಕಿರುಚಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ನೀನು ಯಾರು?”

“ನೂರಾಳ ಖಾಲಾ.”

“ನನ್ನ ತಂಗಿಗೆ ಹಿಂದೂಸ್ತಾನಿ ಖಾಲಾ ಇಲ್ಲ.”

“ಫೋನಿನಲ್ಲಿ ಇದ್ದಾಳೆ.”

ಅವನು ಒಂದು ಹೆಜ್ಜೆ ಮುಂದೆ ಬಂದ. “ನೀನು ಯಾರ ಕಫಾಲತ್‌ನಲ್ಲಿ ಇದ್ದೀ? ನಿನ್ನ ಗಂಡನ ಹೆಸರು ಹೇಳು.”

ನಾನು ಅಕ್ಕನ ಬುರ್ಖಾದ ತೋಳು ಹಿಡಿದು ಎಳೆದೆ. ಸುಳ್ಳು ಹೇಳಲಿ, ಸುಮ್ಮನಿರಲಿ, ಓಡಲಿ, ಏನಾದರೂ ಮಾಡಲಿ ಎಂದುಕೊಂಡೆ. ಅವರು ಗಂಡನ ಹೆಸರು ಹೇಳಿದರು. ಶುವೈಖ್‌ನ ಅಂಗಡಿ ಯಾವ ಬೀದಿ, ಕಫೀಲ್ ಯಾರು, ಸಾಲ್ಮಿಯಾದಲ್ಲಿ ಮನೆ ಎಲ್ಲಿ, ಎಷ್ಟನೆಯ ಮಾಳಿಗೆ, ಎಲ್ಲವನ್ನೂ ದಾರಿ ಕೇಳಿದವರಿಗೆ ಹೇಳುವ ಹಾಗೆ ಹೇಳಿದರು. ನನ್ನ ಹೆಸರು ಹೇಳಲಿಲ್ಲ. “ಇವಳು ಡ್ರೈವರು. ಇವಳಿಗೆ ಏನೂ ಗೊತ್ತಿಲ್ಲ,” ಎಂದರು. ಕೊನೆಗೆ ಅವನನ್ನು ಒಂದೇ ಪ್ರಶ್ನೆ ಕೇಳಿದರು: “ನೀನು ಗುಡಾರದಿಂದ ವಾಪಸು ಬಂದಾಗ ನಿನ್ನ ಅಡಿಗೆಮನೆಯಲ್ಲಿ ಏನು ಇರ್ತಿತ್ತು?”

ತೋಳು ಬಿಡಿಸಿಕೊಂಡ ನೂರಾ ಅಣ್ಣನ ಮುಂದೆ ಬಂದು ನಿಂತಳು. “ಇವರು ಯಾರೂ ನಮ್ಮ ಮನೆಗೆ ಬರಲಿಲ್ಲ. ಬಾಗಿಲು ತೆರೆದವಳು ನಾನು. ಫೋನ್ ಮಾಡಿದವಳೂ ನಾನು.”

ಖಾಲಾ ಹೇಳಿದರು ಎಂದು ಅವಳು ಹೇಳಲಿಲ್ಲ.

ಈಜಿಪ್ಟಿನ ಸರ್ಜನ್ ಹೊರಗೆ ಬಂದಾಗಲೂ ಅವರಿಬ್ಬರೂ ಹಾಗೇ ನಿಂತಿದ್ದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡಿತ್ತು ಎಂದರು. ತೊಳೆದಿದ್ದೇವೆ, ಎಚ್ಚರ ತಪ್ಪದೆ ಬಂದದ್ದು ಒಳ್ಳೆಯದಾಯಿತು, ಬದುಕುತ್ತಾಳೆ ಎಂದು ತೋರುತ್ತದೆ ಎಂದರು. ಅಣ್ಣ ಮೆಲ್ಲಗೆ ಬೆಂಚಿನ ಮೇಲೆ ಕೂತ. ತಲೆವಸ್ತ್ರದ ಮೇಲೆ ಸುತ್ತುವ ಕಪ್ಪು ಹುರಿ, ಅಗಾಲ್ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಪಕ್ಕದಲ್ಲಿದ್ದ ಮುದುಕಿ ಅವನನ್ನು ನೋಡದೆಯೇ, “ನಿನ್ನ ತಾಯಿ ಇದ್ದಿದ್ದರೆ ಎರಡು ದಿನ ಮೊದಲೇ ನನ್ನ ಬಾಗಿಲು ಬಡಿಯುತ್ತಿದ್ದಳು,” ಎಂದಳು.

ನಾವು ಗಿರಿಜಾಳನ್ನು ನೋಡದೆಯೇ ಹೊರಟೆವು. ಒಳಗೆ ಬಿಡಲಿಲ್ಲ.

ಅದರ ನಂತರದ ವಾರಗಳು ಆ ಶುಕ್ರವಾರಕ್ಕಿಂತಲೂ ಕಷ್ಟದವು. ಲಿಫ್ಟು ನಮ್ಮ ಮಾಳಿಗೆಯಲ್ಲಿ ನಿಂತರೆ ಎರಡೂ ಮನೆಗಳಲ್ಲಿ ಮಾತು ನಿಲ್ಲುತ್ತಿತ್ತು. ಭಾವ ಒಂದು ಸೂಟ್‌ಕೇಸು ತುಂಬಿಸಿ ಬಾಗಿಲ ಪಕ್ಕದಲ್ಲಿಟ್ಟರು. ಅಕ್ಕನ ಹತ್ತಿರ ಮಾತು ಬಿಟ್ಟರು. ಬೈಯಲಿಲ್ಲ, ಮಾತಾಡಲಿಲ್ಲ, ಅಷ್ಟೇ. ಫೋನು ಬಂದರೆ ಅಕ್ಕ ಎತ್ತುತ್ತಿರಲಿಲ್ಲ. ಹವಲ್ಲಿಯ ಲೆಬನಾನಿಗೆ ನಂಬರು ಕೊಡಬೇಡ ಎಂದು ಹೇಳಿ ಕಳಿಸಿದರು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದೆಸಿದರು. ಒಂದು ದಿನ ನಾನು ಹೋದಾಗ ಅವರು ಸೂಟ್‌ಕೇಸಿನ ಎದುರು ನೆಲದಲ್ಲಿ ಕೂತಿದ್ದರು.

“ನಾನು ನೋಡದೆ ಬಿಟ್ಟದ್ದು ಇವರನ್ನು,” ಎಂದರು. “ಇವರು ಎರಡನೆಯ ಸಲ ಎಲ್ಲ ಬಿಟ್ಟು ಹೋಗಬೇಕಾದ್ರೆ?”

ನಾನೂ ಅವರ ಪಕ್ಕ ನೆಲದಲ್ಲೇ ಕೂತೆ.

ಕೊನೆಗೆ ಕಫೀಲ್ ಭಾವನನ್ನು ಕರೆಸಿದ. ನೂರಾಳ ಅಣ್ಣ ನಿಜವಾಗಿಯೂ ಶುವೈಖ್‌ಗೆ ಹೋಗಿ ದೂರು ಹೇಳಿದ್ದ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಾಸ್‌ಪೋರ್ಟು ವಾಪಸು ಕೇಳುವ ತಯಾರಿಯಲ್ಲೇ ಹೋದರು. ಅಕ್ಕ ಬೆಳಗಿನಿಂದ ನಮಾಜಿನ ಚಾಪೆಯ ಮೇಲಿಂದ ಏಳಲಿಲ್ಲ. ನಾನು ಆಫೀಸಿಗೆ ರಜೆ ಹಾಕಿ ಅವರ ಮನೆಯಲ್ಲಿ ಕೂತೆ.

ಮಧ್ಯಾಹ್ನ ಭಾವ ಬಂದರು. ಚಪ್ಪಲಿ ಬಿಚ್ಚಿದರು. ಅಕ್ಕನನ್ನು ನೋಡಿ, ಅಷ್ಟು ದಿನಗಳ ಮೇಲೆ ಮೊದಲ ಮಾತು ಆಡಿದರು.

“ಕಫೀಲ್ ಒಂದೇ ಕೇಳಿದ್ದು. ಆ ಹೆಂಗಸು ಬದುಕಿದಳಾ ಅಂತ. ಬದುಕಿದಳು ಅಂದೆ. ಹಾಗಾದ್ರೆ ಹೋಗಿ ಅಂಗಡಿ ನೋಡು ಅಂದ.”

“ಮತ್ತೆ?”

“ನಿನ್ನ ಹೆಂಡತಿಗೆ ಹೇಳು, ಇನ್ನೊಬ್ಬರ ಮನೆಯ ಬಾಗಿಲು ತೆರೆಸುವ ಮೊದಲು ನನಗೊಂದು ಫೋನ್ ಮಾಡಲಿ ಅಂದ.” ಭಾವ ಅಲ್ಲೇ ಕುಕ್ಕರಿಸಿ ಕೂತು ಸೂಟ್‌ಕೇಸು ತೆರೆದು, ಅಂಗಿಗಳನ್ನು ಒಂದೊಂದಾಗಿ ಹೊರಗೆ ಹಾಕತೊಡಗಿದರು. ಅಕ್ಕ ಎದ್ದು ಬಂದು ಅಂಗಿ ಮಡಚಲು ಕೂತರು. ನಾನು ಬಾಗಿಲು ಎಳೆದುಕೊಂಡು ನನ್ನ ಮನೆಗೆ ಬಂದೆ.

ನೂರಾಳಿಂದ ಒಂದೇ ಒಂದು ಕರೆ ಬಂತು, ವಿಶ್ವವಿದ್ಯಾಲಯದ ಫೋನಿನಿಂದ. ಅಣ್ಣ ಗಿರಿಜಾಳ ಕಾಗದಪತ್ರ ಸರಿಮಾಡಿಸಿ ಟಿಕೆಟು ತೆಗೆದುಕೊಟ್ಟ, ಇವತ್ತು ವಿಮಾನ ಹತ್ತಿದಳು ಎಂದಳು. ತನ್ನ ಓದು ನಿಲ್ಲಲಿಲ್ಲ ಎಂದಳು. ಆಮೇಲೆ ಅವಳ ಸುದ್ದಿ ನಮಗೆ ಸಿಗಲಿಲ್ಲ.

ಅಕ್ಕ ಮತ್ತೆ ಆಡಿದರು, ಮತ್ತೆ ಫೋನು ಎತ್ತಿದರು. ಆದರೆ ಕಾಲ ಬೇರೆಯಾಗುತ್ತಿತ್ತು. ಮನೆಮನೆಗೆ ಇಂಟರ್ನೆಟ್ ಬಂತು. ಯಾವ ಆಟದ ಯಾವ ಬಾಗಿಲಿಗೆ ಯಾವ ಕೀಲಿ ಎಂಬುದೆಲ್ಲ ಅದರಲ್ಲೇ ಸಿಗತೊಡಗಿತು. ಅಂಥ ಆಟಗಳನ್ನು ಮಾಡುವುದೂ ಕಡಿಮೆಯಾಯಿತು. ಓಡಿ ಗುಂಡು ಹೊಡೆಯುವವು ಬಂದವು. ಹವಲ್ಲಿಯ ಅಂಗಡಿಯವನು ಮೊಬೈಲು ಮಾರತೊಡಗಿದ. ಫೋನು ಬರುವುದು ನಿಂತೇಹೋಯಿತು. ಅಕ್ಕ ದುಃಖಪಟ್ಟಂತೆ ತೋರಲಿಲ್ಲ. “ಉತ್ತರ ಮಾತ್ರ ಬೇಕಾದವರಿಗೆ ನಾನು ಎಂತಕ್ಕೆ?” ಎಂದರು. ಕೆಲವು ವರ್ಷ ಬಿಟ್ಟು ಭಾವ ನಿವೃತ್ತರಾಗಿ ಇಬ್ಬರೂ ಊರಿಗೆ ಹೋದರು.

ಅವರು ತೀರಿಕೊಂಡದ್ದು ಹೃದಯದ ಕಾಯಿಲೆಯಿಂದ. ನಾನೂ ಅಷ್ಟರಲ್ಲಿ ಊರಿಗೆ ಬಂದು ನೆಲೆಸಿದ್ದೆ. ಸುದ್ದಿ ತಿಳಿದು ಬಂಟ್ವಾಳ ಕಡೆಯ ಅವರ ಮನೆಗೆ ಹೋದೆ. ಒಳಕೋಣೆಯಲ್ಲಿ ಹೆಂಗಸರು ಕೂತಿದ್ದರು. ಗೋಡೆಗೆ ಒರಗಿ ಕುಂಕುಮವಿಟ್ಟ ಒಬ್ಬ ನಡುವಯಸ್ಸಿನ ಹೆಂಗಸು ಇದ್ದಳು. ಯಾರೆಂದು ಕೇಳಿದೆ. ಗಿರಿಜಾ ಎಂದಳು.

ಊರು ಸೇರಿದ ಮೇಲೆ ಅವಳು ವಿಚಾರಿಸಿ ವಿಚಾರಿಸಿ ಅಕ್ಕನ ತವರು ಹುಡುಕಿದ್ದಳು. ಅಕ್ಕ ಊರಿಗೆ ಬಂದ ಮೇಲೆ ವರ್ಷಕ್ಕೊಮ್ಮೆಯಾದರೂ ಬಂದು ಹೋಗುತ್ತಿದ್ದಳಂತೆ. ಗಾಡಿ ಓಡಿಸಿದವಳು ನಾನು ಎಂದಾಗ ನನ್ನ ಎರಡೂ ಕೈ ಹಿಡಿದುಕೊಂಡಳು. ಆ ದಿನ ನಾನು ಗಾಡಿ ತರಲು ಕೆಳಗೆ ಹೋದ ಮೇಲೆ ಫೋನಿನಲ್ಲಿ ಏನು ನಡೆಯಿತೆಂದು ನನಗೆ ಗೊತ್ತಿರಲಿಲ್ಲ. ಅವಳು ಹೇಳಿದಳು.

“ನೂರಾ ಎದುರಿನ ಮನೆಗೆ ಓಡಿದ್ಲು. ನನಗೆ ಕಣ್ಣು ಮುಚ್ಚಿ ಮುಚ್ಚಿ ಬರ್ತಿತ್ತು. ಇವರು ಬಿಡ್ಲೇ ಇಲ್ಲ. ಅಡಿಗೆಮನೆಯಲ್ಲಿ ಏನೇನುಂಟು ಹೇಳು ಅಂದ್ರು. ಒಲೆ ಉಂಟು, ಫ್ರಿಜ್ ಉಂಟು ಅಂದೆ. ಫ್ರಿಜ್ಜಿನ ಮೇಲೆ ಎಂತ ಉಂಟು? ಕಿಟಕಿ ಉಂಟಾ? ಕಿಟಕಿಯ ಹೊರಗೆ ಎಂತ ಕಾಣ್ತದೆ? ಪಾರಿವಾಳ ಕೂತಿದೆ ಅಂದೆ. ಯಾವ ಬಣ್ಣ ಅಂತ ಕೇಳಿದ್ರು. ಕಾಲು ಕೆಂಪಾ? ಮುಖ ಯಾವ ಕಡೆಗೆ? ಒಂದೇ ಉಂಟಾ, ಜೋಡಿ ಉಂಟಾ? ಎದುರುಮನೆಯವರು ಬಂದು ನನ್ನನ್ನು ಎತ್ತುವವರೆಗೂ ಕೇಳಿದ್ದೇ ಕೇಳಿದ್ದು.”

“ನೀನು ಕಣ್ಣು ಮುಚ್ಚಬಾರದು ಅಂತ,” ಎಂದೆ.

“ಗೊತ್ತುಂಟು,” ಎಂದಳು ಗಿರಿಜಾ. ಸೆರಗಿನಿಂದ ಮುಖ ಒರಸಿಕೊಂಡಳು. “ನೆಲದಲ್ಲಿ ಮಲಗಿದವಳಿಗೆ ಆ ಕಿಟಕಿಯಿಂದ ಎದುರಿನ ಗೋಡೆ ಬಿಟ್ಟು ಬೇರೆ ಎಂತದೂ ಕಾಣ್ತಿರ್ಲಿಲ್ಲ ಅಕ್ಕ. ಪಾರಿವಾಳ ಇರ್ಲೇ ಇಲ್ಲ. ಎಂತದೂ ಇಲ್ಲ ಅಂದ್ರೆ ಇವರು ಕೇಳುವುದು ನಿಲ್ಲಿಸ್ತಾರೇನೋ ಅಂತ ಹೆದರಿಕೆ ಆಯ್ತು. ನನ್ನ ಭಾಷೆಯಲ್ಲಿ ನನ್ನನ್ನು ಯಾರಾದ್ರೂ ಏನಾದ್ರೂ ಕೇಳಿ ಎಷ್ಟೋ ಕಾಲ ಆಗಿತ್ತು.”